ಹಿಮಬಂಡಿಯ ಪಟ್ಟೆಗೆ ತೂತು ಕೊರೆಯುವುದೇಕೆ?

ಸಂತೆಯಿಂದ ಹೊಸ ಕೊಡವೊಂದನ್ನು ಕೊಂಡುತಂದು, ಅದೇ ದಿನ ಅದರ ತಳಕ್ಕೆ ಬೈರಿಗೆಯಿಟ್ಟು ತೂತು ಕೊರೆಯುವ ಗೃಹಸ್ಥನನ್ನು ನಮ್ಮ ವಾಚಕರಲ್ಲಿ ಯಾರಾದರೂ ಕಂಡಿರುವರೆ? ಕಂಡಿದ್ದರೆ ಆತನ ಬುದ್ಧಿಯು ಸ್ವಸ್ಥವಾಗಿಲ್ಲವೆಂದೇ ತಿಳಿದಿರುವರು. ನಮ್ಮ ಹಳೆಯ ಮಿತ್ರರೊಬ್ಬರು ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದು ಬಂದರು. ಅಲ್ಲಿ ಅವರು ಕಂಡ ನೋಟವು ಹೆಚ್ಚು ಕಡಮೆ ಇಂತಹುದೇ. ನೆರೆಮನೆಯಾತನು ತನ್ನ ಗರಾಜಿನಲ್ಲಿ ಅಗಲವಾದ ಕಪ್ಪು ರಬ್ಬರಿನ ಪಟ್ಟೆಯೊಂದನ್ನು ಹಲಗೆಯ ಮೇಲೆ ಹರಡಿಕೊಂಡು, ಸೀಮೆಸುಣ್ಣದಿಂದ ಗುರುತು ಹಾಕಿ, ಸಾಲಾಗಿ ದುಂಡನೆಯ ತೂತುಗಳನ್ನು ಕೊರೆಯುತ್ತಿದ್ದನಂತೆ. ಪಟ್ಟೆಯು ಹರಿದುದಲ್ಲ, ಸವೆದುದೂ ಅಲ್ಲ. ಆ ವಾರವೇ ಕೊಂಡುತಂದುದು. ಬೆಲೆಯೂ ಅಲ್ಪವಲ್ಲ.

"ಇದೇನು ಮಾಡುತ್ತಿರುವಿರಿ?" ಎಂದು ನಮ್ಮ ಮಿತ್ರರು ಕೇಳಿದರು.

"ಹಿಮಕ್ಕೆ ಬಾಗಿಲು ತೆಗೆಯುತ್ತಿದ್ದೇನೆ" ಎಂದು ಆತನು ಉತ್ತರಕೊಟ್ಟು ಮತ್ತೆ ಕೆಲಸಕ್ಕೆ ತೊಡಗಿದನು.

ಮಿತ್ರರು ನೆಲದ ಮೇಲೆ ಬಿದ್ದಿದ್ದ ರಬ್ಬರಿನ ಬಿಲ್ಲೆಗಳಲ್ಲಿ ಒಂದನ್ನು ಕೇಳಿ ಪಡೆದು ಊರಿಗೆ ತಂದರು. ಇದನ್ನು ಬರೆಯುತ್ತಿರುವಾಗ ಅದು ನಮ್ಮ ಮೇಜಿನ ಮೇಲೆಯೇ ಇರುವುದು. ಅಂಗುಲದ ಅಗಲದ ದುಂಡನೆಯ ಬಿಲ್ಲೆ; ಅದರ ಅಂಚಿನಲ್ಲಿ ಕತ್ತರಿಸಿಹೋದ ಬಿಳಿಯ ನೂಲಿನ ತುದಿಗಳು ಸಣ್ಣ ಸಣ್ಣ ಚುಕ್ಕೆಗಳಂತೆ ಕಾಣುವುವು. ಆ ಚುಕ್ಕೆಗಳ ವಿಷಯವು ಮುಂದೆ ಬರುವುದು.

ಮೊದಲು ಬಂಡಿಯ ಪರಿಚಯವಾಗಬೇಕು. ಹಿಮದ ಮೇಲೆ ಓಡುವ ಈ ಸಣ್ಣ ಮೋಟಾರು ಬಂಡಿಗೆ ಆ ದೇಶಗಳಲ್ಲಿ 'ಸ್ನೋಮೊಬೈಲ್' ಎಂದು ಹೆಸರು. ನೋಡುವುದಕ್ಕೆ ಅದು ಮೋಟಾರು ಸೈಕಲ್ಲಿಗೂ ದೋಣಿಗೂ ಹುಟ್ಟಿದ ಕೂಸಿನಂತಿರುವುದು. ಮುಂದುಗಡೆ ನೆಲವನ್ನು ಮುಟ್ಟುವುವು ಎರಡು ಜಾರುಪಾದಗಳು. ಸವಾರನು ಹಿಡಿಕೆಯನ್ನು ತಿರುಗಿಸಿದರೆ ಇವು ಎಡಕ್ಕೂ ಬಲಕ್ಕೂ ಹೊರಳುವುವು. ಹಿಂದುಗಡೆ ಇರುವುದು ಒಂದೇ ಒಂದು ಅಗಲವಾದ ಪಟ್ಟೆ. ಹಿಟ್ಟಿನ ಗಿರಣಿಯ ಬೆಲ್ಟಿನಂತೆ ಈ ಪಟ್ಟೆಗೆ ತುದಿಮೊದಲಿಲ್ಲ. ಮುಂದಿನ ಕೊನೆಯಲ್ಲಿ ಎಂಜಿನ್ನು ತಿರುಗಿಸುವ ಹಲ್ಲುಚಕ್ರವು ಅದನ್ನು ಎಳೆಯುವುದು. ಹಿಂದಿನ ಕೊನೆಯಲ್ಲಿ ಅದು ಬರಿಯ ಗಾಲಿಗಳನ್ನು ಸುತ್ತಿಕೊಂಡು ಮರಳಿ ಬರುವುದು. ನಡುವೆ ಎರಡು ಉದ್ದನೆಯ ಜಾರುದಂಡಿಗೆಗಳು ಪಟ್ಟೆಯನ್ನು ನೆಲಕ್ಕೆ ಒತ್ತಿಹಿಡಿದಿರುವುವು. ಪಟ್ಟೆಯ ಹೊರಮೈಯಲ್ಲಿ ಹಿಮವನ್ನು ಹಿಂದಕ್ಕೆ ತಳ್ಳುವ ರಬ್ಬರಿನ ಹುಟ್ಟುಗಳು ಅಡ್ಡಡ್ಡಲಾಗಿ ಎದ್ದಿರುವುವು. ಇಷ್ಟೆಲ್ಲದರ ಮೇಲೆ ತಗಡಿನ ಗೂಡೊಂದು ಮುಚ್ಚಳದಂತೆ ಕವಿದಿರುವುದು. ಸವಾರನು ಕುಳಿತುಕೊಳ್ಳುವುದು ಅದರ ಬೆನ್ನಿನ ಮೇಲೆ.

ಸವಾರನ ಮತ್ತು ಯಂತ್ರದ ಭಾರವೆಲ್ಲ ಈ ಅಗಲವಾದ ಪಟ್ಟೆಯ ಮೇಲೆ ಹರಡಿಹೋಗುವುದರಿಂದ, ನಡೆಯುವ ಮನುಷ್ಯನು ತೊಡೆಯವರೆಗೆ ಹೂತುಹೋಗುವಂತಹ ಹಿಮದ ಮೇಲೂ ಬಂಡಿಯು ತೇಲಿದಂತೆ ಸಾಗುವುದು. ಅದರ ಬಲವೆಲ್ಲ ಈ ಪಟ್ಟೆಯಲ್ಲಿರುವುದು. ಅದರ ಕಷ್ಟವೂ ಇಲ್ಲಿಯೇ ಇರುವುದು.

ಹಿಮವೆಂದರೆ ಅರಳೆಯಂತೆ ಹಗುರವಾದುದೆಂಬುದು ಅದನ್ನು ಚಿತ್ರಗಳಲ್ಲಿ ಮಾತ್ರ ಕಂಡಿರುವ ನಮ್ಮವರ ಎಣಿಕೆ. ಆಗತಾನೆ ಉದುರಿದ ಹಿಮವು ಒಂದು ಘನ ಅಡಿಗೆ ನಾಲ್ಕೈದು ಪೌಂಡು ತೂಗುವುದು ನಿಜ. ಆದರೆ ಅದೇ ಹಿಮವನ್ನು ತುಳಿದು ಗಿಡಿದರೆ ೨೫ ಪೌಂಡಿನವರೆಗೂ ಏರುವುದು. ಕರಗಿ ಮರಳಿ ಹೆಪ್ಪುಗಟ್ಟಿ ನೀರ್ಗಲ್ಲಾಯಿತೆಂದರೆ ೫೭ ಪೌಂಡು. ೨೦೧೬ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ಹಿಮಪಾತಕ್ಕೆ ಸಿಕ್ಕಿದ ಹತ್ತು ಮಂದಿ ಯೋಧರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರೂ ಒಬ್ಬರು. ಅವರನ್ನು ಹೊರತೆಗೆಯುವುದಕ್ಕಾಗಿ ೨೫ ಅಡಿಗಳ ಆಳದವರೆಗೆ ಕಲ್ಲಾಗಿದ್ದ ಹಿಮವನ್ನು ಯಂತ್ರಗಳಿಂದ ಕೊಯ್ಯಬೇಕಾಯಿತು. ಹಿಮವನ್ನು ಕಂಡೇ ಇಲ್ಲದ ನಮ್ಮ ನಾಡಿನ ಮನೆಗಳಿಗೆ ಅದರ ಭಾರವೆಷ್ಟೆಂಬುದು ಆ ವಾರ ತಿಳಿದುಬಂದಿತು.

ಬಂಡಿಯ ಮಾತಿಗೆ ಮರಳೋಣ. ಪಟ್ಟೆಯ ಮೇಲಿನ ಓಟಕ್ಕೂ ಕೆಳಗಿನ ಓಟಕ್ಕೂ ನಡುವೆ, ಗಾಲಿಗಳೂ ದಂಡಿಗೆಗಳೂ ಸರಳುಗಳೂ ಇರುವ ಒಂದು ಪೊಳ್ಳು ಜಾಗವಿರುವುದು. ನಮ್ಮ ಮಿತ್ರರ ನೆರೆಯವನ ಬಂಡಿಯ ಅಳತೆಯನ್ನೇ ಹಿಡಿದರೆ ಅದು ಸುಮಾರು ನಾಲ್ಕೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಮುಕ್ಕಾಲು ಅಡಿ ಎತ್ತರ. ಅಂದರೆ ನಾಲ್ಕು ಘನ ಅಡಿಗೂ ಸ್ವಲ್ಪ ಹೆಚ್ಚು. ಇದರಲ್ಲಿ ಅರ್ಧದಷ್ಟು ಜಾಗದಲ್ಲಿ ಗಿಡಿದ ಹಿಮವು ಸೇರಿಕೊಂಡಿತೆಂದು ಲೆಕ್ಕ ಹಾಕಿದರೂ ೫೦ ಪೌಂಡಾಗುವುದು. ಅಂಗಡಿಯಿಂದ ತರುವ ೨೫ ಕಿಲೋ ಅಕ್ಕಿಯ ಮೂಟೆಯನ್ನು ಯಂತ್ರದ ಹೊಟ್ಟೆಯೊಳಗೆ ಕಟ್ಟಿ ಓಡಿಸಿದಂತೆಯೇ ಸರಿ. ಭಾರವೊಂದೇ ಆಗಿದ್ದರೆ ಸಹಿಸಬಹುದಾಗಿತ್ತು. ಹಲ್ಲುಚಕ್ರಕ್ಕೂ ಪಟ್ಟೆಗೂ ನಡುವೆ ಹಿಮವು ಸೇರಿ ಬೆಣೆಯಂತೆ ಗಟ್ಟಿಯಾದಾಗ ಪಟ್ಟೆಯು ಹಲ್ಲುಗಳಿಂದ ಮೇಲಕ್ಕೆ ಎತ್ತಲ್ಪಟ್ಟು, ಎಂಜಿನ್ನು ಆರ್ಭಟಿಸಿದರೂ ಬಂಡಿಯು ಅಲ್ಲಿಯೇ ಕುಪ್ಪಳಿಸುವುದು. ಗಾಲಿಗಳು ಹಿಮದಲ್ಲಿ ಹೂತು ಉರುಳದೆ ನಿಲ್ಲುವುವು.

ಇನ್ನು ಸರೋವರಗಳ ಮಾತನ್ನು ಹೇಳದಿರುವುದೇ ಲೇಸು. ಹೆಪ್ಪುಗಟ್ಟಿದ ಕೆರೆಯ ಮೇಲೆ ದಪ್ಪವಾಗಿ ಹಿಮ ಬಿದ್ದರೆ, ಆ ಭಾರಕ್ಕೆ ನೀರ್ಗಲ್ಲು ಬಗ್ಗಿ, ಬಿರುಕುಗಳಿಂದ ಕೆಳಗಿನ ನೀರು ಮೇಲಕ್ಕೆ ಬರುವುದು. ಮೇಲೆ ಹೊದ್ದ ಹಿಮವು ಕಂಬಳಿಯಂತೆ ಕಾಪಾಡುವುದರಿಂದ ಈ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಹೊರಗಿನಿಂದ ನೋಡಿದರೆ ಬಿಳಿಯ ಬಯಲು. ಒಳಗೆ ಮೊಣಕಾಲುದ್ದ ಹಿಮದ ಕೆಸರು. ಬಂಡಿಯು ಅದರಲ್ಲಿ ಇಳಿದರೆ ಪಟ್ಟೆಯ ಹೊಟ್ಟೆಯು ಆ ಕೆಸರಿನಿಂದ ತುಂಬುವುದು. ಎಳೆದು ಹೊರಗೆ ತಂದು ನಿಲ್ಲಿಸಿದರೆ, ಸೊನ್ನೆಗಿಂತ ಬಹಳ ಕೆಳಗಿರುವ ಗಾಳಿಯಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲವೂ ಒಂದೇ ಕಲ್ಲಾಗುವುದು. ನೆರೆಯವನಿಗೆ ಹಿಂದಿನ ವರ್ಷ ಆದುದು ಇದೇ. ಮೀನು ಹಿಡಿಯಲು ಸರೋವರವನ್ನು ದಾಟಿಹೋಗಿದ್ದವನು, ಬಂಡಿಯನ್ನು ನಡುವೆಯೇ ಬಿಟ್ಟು, ಕತ್ತಲೆಯಲ್ಲಿ ಒದ್ದೆಯಾದ ಕಾಲಿನಿಂದ ನಡೆದು ಮನೆಯನ್ನು ಸೇರಿದನಂತೆ. ಎರಡು ಬೆರಳುಗಳಿಗೆ ಇಂದಿಗೂ ಸ್ಪರ್ಶವು ಚೆನ್ನಾಗಿ ತಿಳಿಯದು. ಆತನು ತೂತು ಕೊರೆಯಲು ಕುಳಿತುದು ವಿನೋದಕ್ಕಾಗಿ ಅಲ್ಲವೆಂಬುದು ಇಷ್ಟರಿಂದ ತಿಳಿಯುವುದಷ್ಟೆ.

ಅಂಟುವುದು ಹಿಮದ ಗುಣವೊಂದೇ ಅಲ್ಲ. ಮಳೆ ಬಿದ್ದ ಮಾರನೆಯ ದಿನ ಗದಗಿನ ಕಡೆಯ ಎರೆಯ ಹೊಲದಲ್ಲಿ ಬಂಡಿ ಹೊಡೆದವರಿಗೆ ಈ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ನಾಲ್ಕು ಮಾರು ಹೋಗುವುದರೊಳಗೆ ಗಾಲಿಯ ಅರೆಕಾಲುಗಳ ನಡುವೆ ಮಣ್ಣು ತುಂಬಿ, ಗಾಲಿಯು ಮಣ್ಣಿನ ಬೀಸುವ ಕಲ್ಲಾಗಿಬಿಡುವುದು; ರೈತನು ಕೋಲು ಹಿಡಿದು ಕೆಳಗಿಳಿಯುವನು. ಕೆಸರುಗದ್ದೆಯನ್ನು ಉಳುವ ಟ್ರಾಕ್ಟರಿಗೆ ರಬ್ಬರಿನ ಗಾಲಿಯ ಬದಲು ಕಬ್ಬಿಣದ ಪಂಜರದಂತಹ ಚಕ್ರವನ್ನು ಹಾಕುವುದನ್ನು ನಮ್ಮ ಮಲೆನಾಡಿನ ವಾಚಕರು ನೋಡಿರುವರು. ಆ ಚಕ್ರದಲ್ಲಿ ಅಡ್ಡಪಟ್ಟಿಗಳಿಗಿಂತಲೂ ಅವುಗಳ ನಡುವಿನ ಬಯಲೇ ಹೆಚ್ಚು. ಕೆಸರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಬಿದ್ದುಹೋಗುವುದು. ಎರಡನೆಯ ಮಹಾಯುದ್ಧದಲ್ಲಿ ಇದನ್ನು ಮರೆತವರು ಬಹಳ ಬೆಲೆ ತೆತ್ತರು. ಜರ್ಮನರ 'ಟೈಗರ್' ಟ್ಯಾಂಕಿನ ಗಾಲಿಗಳನ್ನು ಒಂದರೊಳಗೊಂದು ಹೆಣೆದಂತೆ ಜೋಡಿಸಿದ್ದರು. ಓಟವು ಮೃದುವಾಗಿತ್ತು, ಆದರೆ ರಷ್ಯಾದ ಚಳಿಗಾಲದಲ್ಲಿ ಗಾಲಿಗಳ ಸಂದುಗಳೊಳಗೆ ತುಂಬಿದ ಕೆಸರೂ ಹಿಮವೂ ರಾತ್ರಿ ಹೆಪ್ಪುಗಟ್ಟಿ, ಬೆಳಗಾದಾಗ ಆ ಮಹಾಯಂತ್ರವು ಅಲುಗಾಡದೆ ನಿಂತಿರುತ್ತಿತ್ತು.

ಹಿಮಬಂಡಿಯನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದ ಝೋಸೆಫ್ ಆರ್ಮಾಂಡ್ ಬೊಂಬಾರ್ಡಿಯೇ ಎಂಬಾತನು ಈ ಸಂಗತಿಯನ್ನು ಮೊದಲೇ ಅರಿತಿದ್ದನು. ಆತನ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಿದರೆ ವಾಚಕರು ಬೇಸರಪಡಲಾರರೆಂದು ನಂಬಿರುವೆವು.

ಆತನು ಹುಟ್ಟಿದುದು ೧೯೦೭ನೆಯ ಇಸವಿ ಏಪ್ರಿಲ್ ೧೬ರಂದು, ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಹಳ್ಳಿಯ ಬಳಿ. ಆ ಕಾಲದಲ್ಲಿ ಅಲ್ಲಿ ಚಳಿಗಾಲ ಬಂದಿತೆಂದರೆ ಮೋಟಾರುಗಳನ್ನು ಕೊಟ್ಟಿಗೆಗೆ ಸೇರಿಸಿ ಬೀಗ ಹಾಕುತ್ತಿದ್ದರು. ದಾರಿಗಳ ಮೇಲಿನ ಹಿಮವನ್ನು ತೆಗೆಯುವವರೇ ಇರಲಿಲ್ಲ. ಕುದುರೆಯ ಜಾರುಬಂಡಿಯೊಂದೇ ಗತಿ. ೧೯೨೨ರ ಡಿಸೆಂಬರ್ ೩೧ರಂದು, ಹದಿನೈದು ವರ್ಷದ ಈ ಹುಡುಗನು ಹಳೆಯ ಫೋರ್ಡ್ ಎಂಜಿನ್ನಿಗೆ ಮರದ ವಿಮಾನಪಂಖವನ್ನು ಕಟ್ಟಿ, ಅದನ್ನು ಜಾರುಬಂಡಿಯ ಮೇಲೆ ಕೂರಿಸಿ, ತಮ್ಮನನ್ನು ಜೊತೆಗೆ ಹತ್ತಿಸಿಕೊಂಡು ಹಳ್ಳಿಯ ನಡುವೆ ಓಡಿಸಿದನು. ಜನರು ಬೆರಗಾದರು. ಹಿಂದುಗಡೆ ತಿರುಗುತ್ತಿದ್ದ ಪಂಖವನ್ನು ನೋಡಿ ತಂದೆಗೆ ಜೀವ ನಿಲ್ಲಲಿಲ್ಲ. ಅದನ್ನು ಆಗಲೇ ಬಿಚ್ಚಿಹಾಕಬೇಕೆಂದು ಅಪ್ಪಣೆಮಾಡಿದನು. ತಂದೆಯಾದವರು ಆತನನ್ನು ತಪ್ಪೆನ್ನಲಾರರು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆರ್ಮಾಂಡನು ತನ್ನದೇ ಗರಾಜನ್ನು ತೆರೆದನು. ಬೇಸಗೆಯಲ್ಲಿ ಮೋಟಾರುಗಳ ದುರಸ್ತಿ, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಬಂಡಿಯ ಪ್ರಯೋಗ. ಹೀಗೆ ವರ್ಷಗಳು ಕಳೆದುವು. ಒಂದು ಯಂತ್ರವೂ ಆತನ ಮನಸ್ಸಿಗೆ ಬರಲಿಲ್ಲ.

೧೯೩೪ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗನಾದ ಈವೋನನಿಗೆ ಹೊಟ್ಟೆನೋವು ಹತ್ತಿತು. ಕರುಳಿನ ಬಾಲದ ಉರಿಯೂತವು ಒಡೆದು ಹೊಟ್ಟೆಯೆಲ್ಲ ವ್ಯಾಪಿಸಿತು. ಶಸ್ತ್ರಚಿಕಿತ್ಸೆಯಾದರೆ ಉಳಿಯಬಹುದಾಗಿತ್ತು, ಆದರೆ ಹತ್ತಿರದ ಆಸ್ಪತ್ರೆಯೇ ಸುಮಾರು ೩೦ ಮೈಲಿ ದೂರ, ದಾರಿಗಳೆಲ್ಲ ಹಿಮದಿಂದ ಮುಚ್ಚಿಹೋಗಿದ್ದುವು. ಹಿಮದ ಮೇಲೆ ಓಡುವ ಯಂತ್ರವನ್ನು ಕಟ್ಟುತ್ತಿದ್ದವನ ಮನೆಯಲ್ಲಿಯೇ, ಗರಾಜಿನಲ್ಲಿದ್ದ ಆ ಯಂತ್ರವು ಓಡುವ ಸ್ಥಿತಿಯಲ್ಲಿರಲಿಲ್ಲ. ಮಗುವು ತೀರಿಕೊಂಡಿತು.

ಆ ಮೇಲೆ ಎರಡು ವರ್ಷಗಳೊಳಗೆ ಆತನು ತನ್ನ ಪಟ್ಟೆಯನ್ನು ಕಂಡುಹಿಡಿದನು. ಆ ಪಟ್ಟೆಯ ರಚನೆಯೇ ನಮ್ಮ ಇಂದಿನ ವಿಷಯಕ್ಕೆ ಮುಖ್ಯ. ಹಲ್ಲುಚಕ್ರಕ್ಕೆ ರಬ್ಬರಿನ ಹೊದಿಕೆ. ಬರಿಯ ಲೋಹಕ್ಕೆ ನೀರ್ಗಲ್ಲು ಕಚ್ಚಿಕೊಳ್ಳುವಷ್ಟು ಬಿಗಿಯಾಗಿ ರಬ್ಬರಿಗೆ ಕಚ್ಚಿಕೊಳ್ಳದು. ಪಟ್ಟೆಯಾದರೋ ಅಖಂಡವಾದ ಹಾಸಲ್ಲ. ನೂಲು ಸೇರಿಸಿದ ರಬ್ಬರಿನ ಉದ್ದನೆಯ ಪಟ್ಟಿಗಳನ್ನು ಉಕ್ಕಿನ ಅಡ್ಡಸರಳುಗಳಿಂದ ಜೋಡಿಸಿದ ಏಣಿ. ಮೆಟ್ಟಿಲುಗಳ ನಡುವೆ ಆಕಾಶ ಕಾಣುವಂತೆ, ಈ ಸರಳುಗಳ ನಡುವೆ ಹಿಮಕ್ಕೆ ದಾರಿ. ಒಳಗೆ ಬಂದುದು ಅಲ್ಲಿಂದಲೇ ಹೊರಗೆ ಬೀಳುವುದು. ೧೯೩೭ರ ಜೂನ್ ತಿಂಗಳಿನಲ್ಲಿ ಇದಕ್ಕೆ ಕೆನಡಾ ಸರಕಾರದ ಪೇಟೆಂಟು ದೊರೆಯಿತು. ಏಳು ಜನ ಕೂರುವ ಬಂಡಿಯು ಮೊದಲು, ಹನ್ನೆರಡು ಜನ ಕೂರುವುದು ಆ ಮೇಲೆ. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಇನ್ನೂ ದೊಡ್ಡದು ತರುವಾಯ. ಇವುಗಳನ್ನು ಕೊಂಡವರಲ್ಲಿ ವೈದ್ಯರೂ, ಅಂಚೆಯವರೂ, ಪಾದ್ರಿಗಳೂ ಇದ್ದರು. ಈವೋನನ ವಯಸ್ಸಿನ ಎಷ್ಟು ಮಕ್ಕಳು ಆ ಬಂಡಿಗಳಲ್ಲಿ ಆಸ್ಪತ್ರೆಯನ್ನು ಸೇರಿದರೋ ಎಣಿಸಿದವರಿಲ್ಲ. ವಾಲ್‌ಕೂರಿನಲ್ಲಿ ಆತನ ಹಳೆಯ ಗರಾಜನ್ನು ಇಂದಿಗೂ ವಸ್ತುಸಂಗ್ರಹಾಲಯದಲ್ಲಿ ಕಾದಿಟ್ಟಿರುವರು. ನಮ್ಮ ಮಿತ್ರರು ಅದನ್ನು ನೋಡಿ ಬಂದರು.

೧೯೪೮ರಲ್ಲಿ ಕ್ವಿಬೆಕ್ ಸರಕಾರವು ಹಳ್ಳಿಯ ದಾರಿಗಳ ಹಿಮವನ್ನೂ ತೆಗೆಯಿಸಲು ತೊಡಗಿದುದರಿಂದ ದೊಡ್ಡ ಬಂಡಿಗಳ ವ್ಯಾಪಾರವು ಕುಸಿಯಿತು. ಬೊಂಬಾರ್ಡಿಯೇ ತನ್ನ ಯೌವನದ ಕನಸಾದ ಒಬ್ಬಿಬ್ಬರು ಕೂರುವ ಸಣ್ಣ ಬಂಡಿಯ ಕಡೆಗೆ ಮರಳಿದನು. ಆ ವೇಳೆಗೆ ಹಗುರವಾದ ಎಂಜಿನ್ನುಗಳು ದೊರೆಯುತ್ತಿದ್ದುವು. ಹಿರಿಯ ಮಗನಾದ ಝೆರ್ಮೇನನು ಅಗಲವಾದ ರಬ್ಬರು ಪಟ್ಟೆಯನ್ನು ಹೊಲಿಗೆಯಿಲ್ಲದೆ ಒಂದೇ ಅಚ್ಚಿನಲ್ಲಿ ಎರೆಯುವ ವಿಧಾನವನ್ನು ಸಾಧಿಸಿದ್ದನು. ೧೯೫೯ರಲ್ಲಿ ಈ ಸಣ್ಣ ಬಂಡಿಯು ಪೇಟೆಗೆ ಬಂದಿತು. ಅದಕ್ಕೆ 'ಸ್ಕೀ-ಡಾಗ್', ಅಂದರೆ ಹಿಮದ ನಾಯಿ, ಎಂದು ಹೆಸರಿಡುವ ಎಣಿಕೆಯಿತ್ತೆಂದೂ, ಅಚ್ಚಿನ ತಪ್ಪಿನಿಂದ ಅದು 'ಸ್ಕೀ-ಡೂ' ಆಯಿತೆಂದೂ ಹೇಳುವರು. ಮೊದಲು ಮಾಡಿದ ಬಂಡಿಗಳಲ್ಲೊಂದನ್ನು ಆತನು ಒಂಟಾರಿಯೋ ಪ್ರಾಂತದ ಉತ್ತರದ ಕಾಡುಗಳಲ್ಲಿ, ನಾಯಿಗಳು ಎಳೆಯುವ ಬಂಡಿಯಲ್ಲಿ ಸಂಚರಿಸುತ್ತಿದ್ದ ತನ್ನ ಮಿತ್ರನಾದ ಪಾದ್ರಿಯೊಬ್ಬನಿಗೆ ಕೊಟ್ಟನು. ಮೊದಲನೆಯ ವರ್ಷ ಮಾರಿದುದು ೨೨೫ ಬಂಡಿಗಳು. ೧೯೬೪ರಲ್ಲಿ ಆತನು ಕಾಲವಾದನು. ನಾಲ್ಕು ವರ್ಷಗಳ ತರುವಾಯ, ೧೯೬೮ರ ಏಪ್ರಿಲ್ ೧೯ರಂದು, ಅಮೆರಿಕದ ರಾಲ್ಫ್ ಪ್ಲೇಸ್ಟೆಡ್ ಎಂಬ ವಿಮಾ ವ್ಯಾಪಾರಿಯು ಸಂಗಡಿಗರೊಡನೆ ಇಂತಹ ಬಂಡಿಗಳಲ್ಲಿಯೇ ಉತ್ತರಧ್ರುವವನ್ನು ತಲುಪಿದನು. ಇಂದು ಅಲಾಸ್ಕದ ಹಳ್ಳಿಗರಿಗೂ, ಫಿನ್ಲೆಂಡಿನ ಉತ್ತರದಲ್ಲಿ ಹಿಮಸಾರಂಗಗಳನ್ನು ಮೇಯಿಸುವವರಿಗೂ, ಸಿಯಾಚಿನ್ನಿನಲ್ಲಿ ಸಾಮಾನು ಸಾಗಿಸುವ ನಮ್ಮ ಸೈನಿಕರಿಗೂ ಈ ಯಂತ್ರವು ಬೇಕಾಗಿರುವುದು.

ಈಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಏಣಿಯಂತಹ ಪಟ್ಟೆಯನ್ನು ಬಿಟ್ಟು ಅಖಂಡವಾದ ಪಟ್ಟೆಗೆ ಬಂದುದರಿಂದ ಬಂಡಿಯು ಹಗುರವಾಯಿತು, ಬೆಲೆಯು ಇಳಿಯಿತು, ಮೆತ್ತನೆಯ ಹಿಮದ ಮೇಲೆ ತೇಲುವ ಶಕ್ತಿಯು ಹೆಚ್ಚಿತು. ಆದರೆ ಮೆಟ್ಟಿಲುಗಳ ನಡುವಿನ ಆಕಾಶವು ಮುಚ್ಚಿಹೋಯಿತು. ಹಲ್ಲುಚಕ್ರವು ಕಚ್ಚಿಕೊಳ್ಳುವುದಕ್ಕೆಂದು ಬಿಟ್ಟ ಎರಡು ಸಾಲು ಕಿಂಡಿಗಳನ್ನುಳಿದು, ಒಳಗೆ ಬಂದ ಹಿಮಕ್ಕೆ ಕೆಳಗಿನಿಂದ ಬೇರೆ ದಾರಿಯಿಲ್ಲ. ಗರಾಜಿನಲ್ಲಿ ಬೈರಿಗೆ ಹಿಡಿದ ನೆರೆಯವನು ಹೊಸದೇನನ್ನೂ ಮಾಡುತ್ತಿರಲಿಲ್ಲ. ೧೯೩೭ರಲ್ಲಿ ಇದ್ದುದನ್ನು ಸ್ವಲ್ಪಮಟ್ಟಿಗೆ ಮರಳಿ ಪಡೆಯುತ್ತಿದ್ದನು.

ತೂತು ಹೇಗೆ ಕೆಲಸಮಾಡುವುದು? ತುಂಬಿದ ಚೊಂಬನ್ನು ಹಗ್ಗಕ್ಕೆ ಕಟ್ಟಿ ತಲೆಯ ಸುತ್ತ ಬೀಸುವ ಆಟವನ್ನು ಹುಡುಗರಾಗಿದ್ದಾಗ ನಾವೆಲ್ಲರೂ ಆಡಿರುವೆವು. ಬೀಸುವಷ್ಟು ಹೊತ್ತು ಒಂದು ಹನಿಯೂ ಬೀಳದು. ನೀರು ತಳಕ್ಕೆ ಒತ್ತಿಕೊಂಡಿರುವುದು. ಅದೇ ಚೊಂಬಿನ ತಳದಲ್ಲಿ ತೂತೊಂದಿದ್ದರೆ ನೀರು ಧಾರೆಯಾಗಿ ಹೊರಗೆ ಚಿಮ್ಮುವುದು. ಪಟ್ಟೆಯು ಹಿಂದಿನ ಗಾಲಿಯನ್ನು ಸುತ್ತಿಕೊಳ್ಳುವಾಗ ಆಗುವುದೂ ಇದೇ. ಹೊರಮೈಗೆ ಅಂಟಿದ ಹಿಮವು ಎಸೆಯಲ್ಪಟ್ಟು ದೂರ ಹೋಗುವುದು. ಒಳಮೈಗೆ ಅಂಟಿದುದು ಮಾತ್ರ ಪಟ್ಟೆಗೆ ಮತ್ತಷ್ಟು ಬಿಗಿಯಾಗಿ ಒತ್ತಿಕೊಳ್ಳುವುದು. ಎಂಟು ಅಂಗುಲ ವ್ಯಾಸದ ಗಾಲಿಯ ಮೇಲೆ ಗಂಟೆಗೆ ೨೦ ಮೈಲಿ ವೇಗದಲ್ಲಿ ತಿರುಗುವಾಗ ಆ ಒತ್ತಡವು ಹಿಮದ ತೂಕದ ಸುಮಾರು ೮೦ ಪಟ್ಟಾಗುವುದೆಂದು ಲೆಕ್ಕದಿಂದ ತಿಳಿಯುವುದು. ಅಲ್ಲಿ ತೂತಿದ್ದರೆ ಇದೇ ಒತ್ತಡವು ಹಿಮವನ್ನು ಶ್ಯಾವಿಗೆಯ ಒರಳಿನಿಂದ ಹಿಟ್ಟನ್ನು ನೂಕಿದಂತೆ ನೂಕಿಬಿಡುವುದು. ಶತ್ರುವಾಗಿದ್ದುದೇ ಆಳಾಗಿ ದುಡಿಯುವುದು. ಮುಂದಿನ ಹಲ್ಲುಚಕ್ರದ ಬಳಿಯಲ್ಲಿಯೂ ಹಾಗೆಯೇ: ಬೆಣೆಯಾಗಬೇಕಾಗಿದ್ದ ಹಿಮವು ಹಿಂಡಲ್ಪಟ್ಟು ಹೊರಗೆ ಹೋಗುವುದು. ಮಣ್ಣು ತಳ್ಳುವ ಬುಲ್ಡೋಜರುಗಳಿಗೆ, ಕೆಸರು ಹಿಮಗಳಿರುವ ಸ್ಥಳಗಳಿಗೆಂದು, ನಡುವೆ ರಂಧ್ರವಿರುವ ಉಕ್ಕಿನ ಪಾದಗಳನ್ನು ಕಾರ್ಖಾನೆಯವರೇ ಮಾಡಿಕೊಡುವುದುಂಟು. ಹಲ್ಲುಚಕ್ರದ ಹಲ್ಲೇ ಗಿಡಿದ ಕೆಸರನ್ನು ಆ ರಂಧ್ರದಿಂದ ಹೊರಗೆ ದೂಡುವುದು.

ಲಾಭವು ಇಷ್ಟು. ನಷ್ಟವನ್ನು ಕಾಣಬೇಕಾದರೆ ನಮ್ಮ ಮೇಜಿನ ಮೇಲಿನ ಬಿಲ್ಲೆಯನ್ನು ಕೈಗೆತ್ತಿಕೊಳ್ಳಬೇಕು. ಪಟ್ಟೆಯು ಬರಿಯ ರಬ್ಬರಾಗಿದ್ದರೆ ಎಳೆದ ಮೊದಲನೆಯ ದಿನವೇ ಹಿಗ್ಗಿ ಹರಿಯುತ್ತಿತ್ತು. ಅದರ ಒಡಲಿನಲ್ಲಿ ಉದ್ದಕ್ಕೂ ಗಟ್ಟಿಯಾದ ನೂಲಿನ ನೇಯ್ಗೆಯಿರುವುದು. ಎಂಜಿನ್ನಿನ ಎಳೆತವನ್ನು ಹೊರುವುದು ಆ ನೂಲು. ಎರಡೂವರೆ ಅಂಗುಲಕ್ಕೊಂದರಂತೆ ಗಾಜಿನೆಳೆಗಳ ಗಟ್ಟಿಕಡ್ಡಿಗಳು ಅಡ್ಡಲಾಗಿ ಹುದುಗಿರುವುವು. ಪಟ್ಟೆಯು ಅಗಲದಲ್ಲಿ ಮುದುರದಂತೆ ಕಾಯುವುದು ಅವುಗಳ ಕೆಲಸ. ರಬ್ಬರು ಇವೆಲ್ಲವನ್ನೂ ಹಿಡಿದಿಟ್ಟು ನೀರು ತಾಕದಂತೆ ಮುಚ್ಚಿರುವುದು. ಬಿಲ್ಲೆಯ ಅಂಚಿನ ಬಿಳಿಯ ಚುಕ್ಕೆಗಳೇ ಆ ನೂಲು. ಒಂದೊಂದು ಚುಕ್ಕೆಯೂ ಭಾರ ಹೊರುವ ಒಬ್ಬ ಆಳಿನ ಕೈಯನ್ನು ಬಿಡಿಸಿದ ಗುರುತು. ಅಷ್ಟೇ ಅಲ್ಲ, ಕತ್ತರಿಸಿದ ನೂಲಿನ ತುದಿಯು ದೀಪದ ಬತ್ತಿಯಂತೆ ನೀರನ್ನು ಒಳಕ್ಕೆ ಹೀರುವುದು. ಹೀರಿದ ನೀರು ಹೆಪ್ಪುಗಟ್ಟಿ ಹಿಗ್ಗುವುದು, ಕರಗುವುದು, ಮರಳಿ ಹಿಗ್ಗುವುದು; ಹೀಗೆ ನೂಲೂ ರಬ್ಬರೂ ಬೇರೆಯಾಗುತ್ತ ಬರುವುವು.

ಆದುದರಿಂದ ಕೊರೆಯುವುದರಲ್ಲಿಯೂ ಕ್ರಮವಿರುವುದು. ನೆರೆಯವನ ಪಟ್ಟೆಯು ೧೨೧ ಅಂಗುಲ ಸುತ್ತಳತೆ, ೧೫ ಅಂಗುಲ ಅಗಲ. ಅದರಲ್ಲಿ ಕಡ್ಡಿಗಳ ನಡುವೆ ೪೮ ಸಂದುಗಳಿರುವುವು; ಆತನು ಸಂದಿಗೆ ಎರಡರಂತೆ ೯೬ ತೂತುಗಳನ್ನು ಕೊರೆದನು. ತೂತುಗಳ ಕ್ಷೇತ್ರವೆಲ್ಲವನ್ನು ಕೂಡಿಸಿದರೆ ಸುಮಾರು ೭೫ ಚದರ ಅಂಗುಲ. ಪಟ್ಟೆಯ ಒಟ್ಟು ಕ್ಷೇತ್ರದಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ. ಆದರೆ ನೂಲಿನ ಲೆಕ್ಕವು ಕ್ಷೇತ್ರದ ಲೆಕ್ಕವಲ್ಲ. ಎಲ್ಲ ತೂತುಗಳೂ ಎರಡೇ ನೇರವಾದ ಸಾಲುಗಳಲ್ಲಿದ್ದರೆ ಕತ್ತರಿಸಿಹೋಗುವುದು ಆ ಎರಡು ಅಂಗುಲಗಳ ನೂಲು ಮಾತ್ರ. ಉಳಿದ ನೂಲು ಸುತ್ತಲೂ ಅಖಂಡವಾಗಿ ಉಳಿಯುವುದು. ಅಂದಕ್ಕೆಂದು ರಂಗೋಲಿಯ ಚುಕ್ಕೆಗಳಂತೆ ಹಿಂದೆ ಮುಂದೆ ಸರಿಸಿ ಕೊರೆದರೆ ತೂತುಗಳ ಸಂಖ್ಯೆಯು ಅಷ್ಟೇ ಇದ್ದರೂ ನಾಲ್ಕು ಅಂಗುಲಗಳ ನೂಲು ಹೋಗುವುದು. ತೂತು ಕಡ್ಡಿಯನ್ನು ತಾಕಬಾರದು. ಒಳಮೈಯಲ್ಲಿ ಹಲ್ಲುಚಕ್ರಕ್ಕೆ ಸಿಕ್ಕುವ ಗುಬುಟುಗಳ ಬುಡಕ್ಕೂ ಹೋಗಬಾರದು. ದುಂಡಾಗಿರಬೇಕೇ ಹೊರತು ಚೌಕವಾಗಿರಬಾರದು. ಬಟ್ಟೆಯಾಗಲಿ ರಬ್ಬರಾಗಲಿ ಹರಿಯಲು ತೊಡಗುವುದು ಮೂಲೆಯಿಂದಲೇ ಎಂಬುದು ಅಂಗಿ ಹೊಲಿಯುವವರೆಲ್ಲರಿಗೂ ತಿಳಿದಿರುವುದು. ಎರಡು ಪಕ್ಕಗಳಲ್ಲಿಯೂ ಸಮವಾಗಿರಬೇಕು. ಇಲ್ಲದಿದ್ದರೆ ವೇಗದಲ್ಲಿ ಪಟ್ಟೆಯು ಅದುರುವುದು.

ಮರಕ್ಕೆ ಹಾಕುವ ಬೈರಿಗೆಯ ಮೊನೆಯು ಇಲ್ಲಿಗೆ ಸಲ್ಲದು. ಅದು ರಬ್ಬರನ್ನು ಕೊರೆಯುವುದಕ್ಕಿಂತಲೂ ಹೆಚ್ಚಾಗಿ ಹಿಡಿದು ಹಿಂಜುವುದು. ನೆರೆಯವನು ಉಕ್ಕಿನ ಸಣ್ಣ ಕೊಳವೆಯೊಂದರ ಬಾಯನ್ನು ಕತ್ತಿಯಂತೆ ಹದಗೊಳಿಸಿ, ಸಾಬೂನಿನ ನೀರು ಸವರಿ, ಮೆಲ್ಲಗೆ ತಿರುಗಿಸುತ್ತ ಒತ್ತುತ್ತಿದ್ದನು. ಪಟ್ಟೆಯನ್ನು ಹಿಂದಿನ ರಾತ್ರಿ ಹೊರಗೆ ಚಳಿಯಲ್ಲಿಟ್ಟಿದ್ದನಂತೆ. ಸೆಟೆದ ರಬ್ಬರು ಚೆನ್ನಾಗಿ ಕತ್ತರಿಸಲ್ಪಡುವುದು. ಒಂದೊಂದು ತೂತಿನ ಅಂಚಿಗೂ ರಬ್ಬರಿನ ಅಂಟನ್ನು ಎರಡು ಸಲ ಬಳಿದು ನೂಲಿನ ತುದಿಗಳನ್ನು ಮುಚ್ಚಿದನು. ೯೬ ತೂತುಗಳಿಗೆ ಎರಡು ದಿನ ಹಿಡಿಯಿತು.

ಇಲ್ಲಿ ಇನ್ನೊಂದು ತೊಡಕಿರುವುದು. ಹಿಮವು ಒಳಗೆ ಬರಲೇಬಾರದೆಂದರೆ ಬಂಡಿಯು ನಡೆಯದು. ಜಾರುದಂಡಿಗೆಗಳ ಅಡಿಗೆ ತೊಡಿಸಿದ ಪ್ಲಾಸ್ಟಿಕ್ಕಿನ ಪಟ್ಟಿಯು ಪಟ್ಟೆಯ ಲೋಹದ ಕೊಂಡಿಗಳ ಮೇಲೆ ಉಜ್ಜುತ್ತಲೇ ಇರುವುದು. ಅದಕ್ಕೆ ಎಣ್ಣೆಯೂ ನೀರೂ ಎಲ್ಲವೂ ಹಿಮವೇ. ಹಿಮವಿಲ್ಲದ ಬರಿಯ ನೀರ್ಗಲ್ಲಿನ ಮೇಲೆ ಬಹಳ ದೂರ ಓಡಿಸಿದರೆ ಆ ಪಟ್ಟಿಯು ಕರಗಿಹೋಗುವುದು. ಅನೇಕ ಬಂಡಿಗಳಲ್ಲಿ ಎಂಜಿನ್ನನ್ನು ತಂಪುಮಾಡುವ ನೀರಿನ ಕೊಳವೆಗಳೂ ತಗಡಿನ ಗೂಡಿನ ಅಡಿಯಲ್ಲಿಯೇ ಇದ್ದು, ಪಟ್ಟೆಯು ಎರಚುವ ಹಿಮದಿಂದ ತಣಿಯುವುವು. ಹಿಮವು ಬರಬೇಕು, ಆದರೆ ನಿಲ್ಲಬಾರದು. ಉಪಕಾರ ಮಾಡಿ ಹೊರಟುಹೋಗುವ ಅತಿಥಿಯಂತಿರಬೇಕು. ತೂತಿನಲ್ಲಿ ಹೊರಗೆ ಹೋಗುವುದೂ ಉಂಟು, ಒಳಗೆ ಬರುವುದೂ ಉಂಟು. ಬೂದಿಯಂತೆ ಒಣಗಿದ ಆಳವಾದ ಹಿಮದಲ್ಲಿ ಮಾತ್ರ ಸಂಚರಿಸುವವನಿಗೆ ಅದು ಹೆಚ್ಚಾಗಿ ಅಂಟುವುದೂ ಇಲ್ಲ. ಅವನು ತನ್ನ ಪಟ್ಟೆಯನ್ನು ಕೆಡಿಸಿಕೊಳ್ಳಬೇಕಾದುದಿಲ್ಲ.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಹೊಸ ಪಟ್ಟೆಗೆ ಬೈರಿಗೆ ಹಾಕುವುದು ಕೊನೆಯ ಉಪಾಯವಾಗಿರಬೇಕು. ಹಾಗೆ ಮಾಡಿದ ಪಟ್ಟೆಯು ಹರಿದರೆ ಕಾರ್ಖಾನೆಯವರು ಹೊಣೆಹೊರುವುದಿಲ್ಲ. ಅದು ನ್ಯಾಯವೂ ಹೌದು. ಕೊಳ್ಳುವಾಗಲೇ ಎಲ್ಲ ಕಿಂಡಿಗಳೂ ತೆರೆದಿರುವ ಪಟ್ಟೆಯನ್ನು ಆರಿಸಿಕೊಂಡರೆ ಅರ್ಧ ಕೆಲಸವಾಗುವುದು. ಕಾರ್ಖಾನೆಯ ಕಿಂಡಿಗೆ ಲೋಹದ ಕೊಂಡಿಯ ಕಾವಲಿರುವುದು, ಕೈಯಿಂದ ಕೊರೆದ ತೂತಿಗೆ ಅದಿಲ್ಲ. ಇನ್ನುಳಿದುದಕ್ಕೆ ಆ ಸೀಮೆಯ ಹಿರಿಯರ ಪದ್ಧತಿಗಳೇ ಸಾಕು. ಕೆಸರುಹಿಮದಿಂದ ಹೊರಬಂದೊಡನೆ ನಿಲ್ಲಿಸದೆ, ಒಣ ಹಿಮದ ಮೇಲೆ ಸ್ವಲ್ಪ ದೂರ ಜೋರಾಗಿ ಓಡಿಸುವುದು; ಬಂಡಿಯನ್ನು ಪಕ್ಕಕ್ಕೆ ಮಗುಚಿ ಒಳಗಿನದನ್ನು ಕೋಲಿನಿಂದ ಬಡಿದು ಬೀಳಿಸುವುದು; ರಾತ್ರಿ ನಿಲ್ಲಿಸುವಾಗ ಪಟ್ಟೆಯ ಕೆಳಗೆ ಎರಡು ಮರದ ತುಂಡುಗಳನ್ನು ಅಡ್ಡಲಾಗಿ ಹಾಕುವುದು, ಇಲ್ಲವಾದರೆ ಬೆಳಗಾಗುವುದರೊಳಗೆ ಪಟ್ಟೆಯು ನೆಲಕ್ಕೆ ಬೆಸೆದುಹೋಗುವುದು. ಆದರೆ ಕತ್ತಲೆಯಲ್ಲಿ ಸರೋವರವನ್ನು ಕಾಲ್ನಡಿಗೆಯಿಂದ ದಾಟಿ ಬಂದವನಿಗೆ, ಬೆಚ್ಚಗಿನ ಊರಿನಲ್ಲಿ ಕುಳಿತು ನಾವು ಈ ಬುದ್ಧಿಯನ್ನು ಹೇಳುವುದು ಸುಲಭ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಆತನು ಎರಡೇ ಸಾಲು ಕೊರೆದು ನಿಲ್ಲಿಸಿದುದನ್ನು ನಾವು ಮೆಚ್ಚುವೆವು.

ಮಿತ್ರರು ಅಲ್ಲಿಂದ ಹೊರಟ ಮೇಲೆ ಮಗಳ ಕಾಗದ ಬಂದಿತು. ನೆರೆಯವನು ಆ ಚಳಿಗಾಲದಲ್ಲಿ ಎರಡು ಸಲ ಕೆಸರುಹಿಮದಲ್ಲಿ ಇಳಿದನಂತೆ. ಎರಡು ಸಲವೂ ಬಂಡಿಯಲ್ಲಿ ಕುಳಿತೇ ಮನೆಗೆ ಬಂದನು. ಹಿಮ ಕರಗಿದ ಮೇಲೆ ಪಟ್ಟೆಯನ್ನು ಬಿಚ್ಚಿ ನೋಡಿದರೆ, ಮೂರು ತೂತುಗಳ ಅಂಚಿನಲ್ಲಿ ಅಂಟು ಬಿಟ್ಟು ನೂಲು ಮೀಸೆಯಂತೆ ಹೊರಗೆ ಬಂದಿತ್ತು. ಅವುಗಳನ್ನು ಕತ್ತರಿಸಿ ಮರಳಿ ಅಂಟು ಬಳಿದಿರುವನು. ಇನ್ನೆಷ್ಟು ಕಾಲ ಬಾಳುವುದೆಂದು ಕೇಳಿದುದಕ್ಕೆ ಹೆಗಲು ಕುಣಿಸಿದನಂತೆ.

ನಮ್ಮ ಮೇಜಿನ ಬಿಲ್ಲೆಯನ್ನು ಮಿತ್ರರು ಹಿಂದಕ್ಕೆ ಕೇಳಿದ್ದಾರೆ. ಅವರ ಮೊಮ್ಮಗನು ಅದರ ನಡುವೆ ಮೊಳೆಯನ್ನು ಹೊಡೆದು ತನ್ನ ಆಟದ ಬಂಡಿಗೆ ಗಾಲಿ ಮಾಡಬೇಕೆಂದಿರುವನು. ಒಂದು ಗಾಲಿಯಿಂದ ಬಂಡಿಯಾಗದು. ಇನ್ನು ಮೂರನ್ನು ಕಳುಹಿಸೆಂದು ಮಗಳಿಗೆ ಬರೆದಾಗಿದೆ.